ಹಳೆಯ ಮನೆಯ ಕಿಟಕಿ: ಕಿತ್ತು ಹಾಕುವ ಮುನ್ನ ತಿಳಿಯಬೇಕಾದದ್ದು

ಬೆಂಗಳೂರಿನ ಜಯನಗರ, ರಾಜಾಜಿನಗರ, ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಮೊದಲಾದ ಬಡಾವಣೆಗಳಲ್ಲಿ 1940ರಿಂದ 1970ರ ನಡುವೆ ನಿರ್ಮಾಣಗೊಂಡ ಮನೆಗಳು ಇಂದು ಎರಡನೆಯ ಅಥವಾ ಮೂರನೆಯ ತಲೆಮಾರಿನ ಕೈಗೆ ಬಂದಿವೆ. ನಿವೇಶನದ ಬೆಲೆ ಏರಿದ ಮೇಲೆ ಹಲವು ಮನೆಗಳು ನೆಲಸಮಗೊಂಡು ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಮನೆಯನ್ನು ಉಳಿಸಿಕೊಳ್ಳಲು ನಿರ್ಧರಿಸಿದ ಕುಟುಂಬಗಳು ನವೀಕರಣಕ್ಕೆ ಕೈಹಾಕಿದಾಗ ಬಹುತೇಕ ಮೊದಲ ಪೆಟ್ಟು ಬೀಳುವುದು ಕಿಟಕಿಗಳ ಮೇಲೆ. ಕದ ಸರಿಯಾಗಿ ಮುಚ್ಚುವುದಿಲ್ಲ, ಸೊಳ್ಳೆ ಬರುತ್ತದೆ, ರಸ್ತೆಯ ಸದ್ದು ತಡೆಯಲಾಗುವುದಿಲ್ಲ ಎಂಬ ದೂರುಗಳಿಗೆ ಗುತ್ತಿಗೆದಾರರು ಸೂಚಿಸುವ ಪರಿಹಾರ ಸಾಮಾನ್ಯವಾಗಿ ಒಂದೇ: ಹಳೆಯದನ್ನು ಕಿತ್ತು, ಯುಪಿವಿಸಿ ಅಥವಾ ಅಲ್ಯೂಮಿನಿಯಂನ ಜಾರು ಕಿಟಕಿಯನ್ನು ಕೂರಿಸುವುದು.

ಈ ದೂರುಗಳು ನಿಜವಾದವೇ. ಆದರೆ ಅವುಗಳಲ್ಲಿ ಹೆಚ್ಚಿನವು ಕಿಟಕಿಯನ್ನು ಉಳಿಸಿಕೊಂಡೇ ಬಗೆಹರಿಯುವಂಥವು. ಕಿತ್ತು ಹಾಕಿದಾಗ ಮನೆಯವರು ಕಳೆದುಕೊಳ್ಳುವುದು ಒಂದು ಮರದ ಚೌಕಟ್ಟನ್ನಷ್ಟೇ ಅಲ್ಲ, ಕೋಣೆಗೆ ಬರುತ್ತಿದ್ದ ಗಾಳಿಯ ಅರ್ಧ ಭಾಗವನ್ನು. ಹೊಸ ಕಿಟಕಿ ಬಂದ ಮೊದಲ ಬೇಸಗೆಯಲ್ಲಿಯೇ ಏರ್ ಕಂಡೀಷನರ್ ಕೊಳ್ಳಬೇಕಾಗಿ ಬಂದರೆ ಅದರ ಕಾರಣವನ್ನು ಹವಾಮಾನದಲ್ಲಿ ಮಾತ್ರ ಹುಡುಕಬೇಕಾಗಿಲ್ಲ.

ಅಂದಿನ ಕಿಟಕಿಯ ರಚನೆ

ಬೆಂಗಳೂರು ನಗರ ಸುಧಾರಣಾ ಟ್ರಸ್ಟ್ ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1945ರಲ್ಲಿ. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಯಿತು. ಮೈಸೂರಿನಲ್ಲಿ ಇಂಥದ್ದೇ ಮಂಡಳಿ 1903ರಷ್ಟು ಹಿಂದೆಯೇ ರಚನೆಯಾಗಿತ್ತು. ಇಂತಹ ಸಂಸ್ಥೆಗಳು ಹಂಚಿದ ನಿವೇಶನಗಳಲ್ಲಿ ಮನೆಯ ಸುತ್ತ ಜಾಗ ಬಿಡುವುದು ಕಡ್ಡಾಯವಾಗಿದ್ದುದರಿಂದ ಕೋಣೆಯ ಎರಡು ಗೋಡೆಗಳಿಗೆ ಕಿಟಕಿ ಇಡುವುದು ಸಾಧ್ಯವಾಯಿತು. ವಿದ್ಯುತ್ ಪಂಖವೇ ಅಪರೂಪವಾಗಿದ್ದ ದಿನಗಳಲ್ಲಿ ಗಾಳಿ ಒಂದು ಕಡೆಯಿಂದ ಬಂದು ಮತ್ತೊಂದು ಕಡೆಯಿಂದ ಹೊರಹೋಗುವಂತೆ ಮನೆಯ ನಕ್ಷೆ ಸಿದ್ಧವಾಗುತ್ತಿತ್ತು.

ಸಿಮೆಂಟ್ ಆಗ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಅದರ ಬೆಲೆ ಮತ್ತು ಹಂಚಿಕೆಯ ಮೇಲಿದ್ದ ಸರ್ಕಾರದ ನಿಯಂತ್ರಣ ಭಾಗಶಃ ಸಡಿಲವಾದದ್ದು 1982ರಲ್ಲಿ, ಪೂರ್ಣವಾಗಿ ತೆರವಾದದ್ದು 1989ರಲ್ಲಿ. ಆದ್ದರಿಂದ ಆ ಕಾಲದ ಅನೇಕ ಮನೆಗಳ ಗೋಡೆಗಳು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯವು. ಗೋಡೆ ಏಳುವಾಗಲೇ ಕಿಟಕಿಯ ಚೌಕಟ್ಟನ್ನು ನಿಲ್ಲಿಸಿ, ಅದರ ಕೊಂಬುಗಳನ್ನು (ಚೌಕಟ್ಟಿನ ಮೂಲೆಗಳಿಂದ ಹೊರಚಾಚಿದ ತುದಿಗಳನ್ನು) ಇಟ್ಟಿಗೆಯ ಸಾಲಿನೊಳಗೆ ಸೇರಿಸಿ ಕಟ್ಟುತ್ತಿದ್ದರು. ಚೌಕಟ್ಟು ಗೋಡೆಯ ಅಂಗವೇ ಆಗಿಬಿಡುತ್ತಿತ್ತು. ಅದನ್ನು ಕೀಳುವ ಕೆಲಸ ಕಷ್ಟವಾಗಿರುವುದು ಇದೇ ಕಾರಣಕ್ಕೆ.

ಮರದ ಕಿಟಕಿಗಳಿಗೆ ತೇಗ, ಹೊನ್ನೆ, ಮತ್ತಿ ಬಳಕೆಯಾಗುತ್ತಿದ್ದವು. ಕರಾವಳಿಯಲ್ಲಿ ಹಲಸಿನ ಮರಕ್ಕೆ ಪ್ರಾಶಸ್ತ್ಯವಿತ್ತು. ಚೌಕಟ್ಟಿನ ನಡುವೆ ಕಬ್ಬಿಣದ ಸರಳುಗಳು, ಅವುಗಳ ಹೊರಬದಿಯಲ್ಲಿ ಹೊರಕ್ಕೆ ತೆರೆಯುವ ಕದಗಳು. ಹಲವು ಮನೆಗಳಲ್ಲಿ ಒಂದೇ ಕಿಟಕಿಗೆ ನಾಲ್ಕು ಕದಗಳಿರುತ್ತವೆ: ಕೆಳಗೆ ಒಂದು ಜೋಡಿ, ಮೇಲೆ ಒಂದು ಜೋಡಿ. ಈ ನಾಲ್ಕು ಕದದ ಕಿಟಕಿಯನ್ನು ಇಂದಿನ ಯಾವ ಕಂಪನಿಯ ಕಿಟಕಿಯೂ ಸರಿಗಟ್ಟಲಾರದು ಎಂದರೆ ಅತಿಶಯೋಕ್ತಿಯಾಗದು. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳದಂತೆ ಕೆಳಗಿನ ಜೋಡಿಯನ್ನು ಮುಚ್ಚಿ, ಮೇಲಿನ ಜೋಡಿಯನ್ನು ತೆರೆದಿಟ್ಟರೆ ಬೆಳಕು, ಗಾಳಿ, ಮರೆ ಮೂರೂ ಒಟ್ಟಿಗೆ ದೊರೆಯುತ್ತವೆ. ಮಳೆ ಬೀಸುವ ದಿಕ್ಕಿನ ಒಂದೇ ಕದವನ್ನು ಮುಚ್ಚಿಕೊಳ್ಳಬಹುದು. ಮಲಗುವವರ ಮೈಮೇಲೆ ನೇರವಾಗಿ ಗಾಳಿ ಬೀಳದಂತೆಯೂ ಹೊಂದಿಸಿಕೊಳ್ಳಬಹುದು.

ಇದರ ಮೇಲೆ, ಸೂರಿಗೆ ಹತ್ತಿರದಲ್ಲಿ, ಸಣ್ಣ ವೆಂಟಿಲೇಟರ್ ಇರುತ್ತದೆ. ಕಾದ ಗಾಳಿ ಹಗುರವಾಗಿ ಮೇಲೇರುವುದರಿಂದ ಅದು ಹೊರಹೋಗಲು ಇರುವ ದಾರಿಯೇ ಈ ಗವಾಕ್ಷಿ. ನವೀಕರಣದ ವೇಳೆ ಪಾರಿವಾಳ, ಧೂಳಿನ ನೆಪದಲ್ಲಿ ಇದನ್ನು ಮುಚ್ಚಿಸುವುದು ಅಥವಾ ಅದರ ಕೆಳಗೆ ಜಿಪ್ಸಂ ಸೂರು ಹೊಡೆಸುವುದು ಸಾಮಾನ್ಯ ರೂಢಿಯಾಗಿದೆ. ಪಾರಿವಾಳಕ್ಕೆ ಒಂದು ಗೇಣು ಜಾಲರಿ ಸಾಕು.

1960ರ ದಶಕದಿಂದೀಚೆಗೆ ಉಕ್ಕಿನ ಕಿಟಕಿಗಳೂ ಬಳಕೆಗೆ ಬಂದವು. ತೆಳುವಾದ ಉಕ್ಕಿನ ಪಟ್ಟಿಗಳ ಚೌಕಟ್ಟು, ಲಪ್ಪ ಮೆತ್ತಿ ಕೂರಿಸಿದ 3 ಮಿ.ಮೀ. ಗಾಜು, ಹಿತ್ತಾಳೆಯ ಅಥವಾ ಕಬ್ಬಿಣದ ಹಿಡಿ ಇವುಗಳ ಗುರುತು. ಮರಕ್ಕಿಂತ ತೆಳ್ಳಗಿರುವ ಕಾರಣ ಇವು ಹೆಚ್ಚು ಬೆಳಕು ಬಿಡುತ್ತವೆ. ತುಕ್ಕು ಇವುಗಳ ಶತ್ರು.

ಗಾಳಿಯ ಲೆಕ್ಕ

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ 'ಇಕೋ ನಿವಾಸ್ ಸಂಹಿತೆ'ಯನ್ನು ಪ್ರಕಟಿಸಿತು. ಇದು 500 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳನ್ನು ಉದ್ದೇಶಿಸಿದ್ದು, ಹಳೆಯ ಮನೆಗಳಿಗೆ ಅನ್ವಯವಾಗುವುದಿಲ್ಲ. ಆದರೂ ಅಳತೆಗೋಲಾಗಿ ಬಹಳ ಉಪಯುಕ್ತ. ಬೆಂಗಳೂರಿನಂತಹ ಸಮಶೀತೋಷ್ಣ ವಲಯದಲ್ಲಿ ತೆರೆಯಬಲ್ಲ ಕಿಟಕಿಯ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ 12.5ರಷ್ಟು, ಎಂದರೆ ಎಂಟನೇ ಒಂದು ಭಾಗ, ಇರಬೇಕೆಂದು ಅದು ಹೇಳುತ್ತದೆ. ಕರಾವಳಿಯಂತಹ ಬಿಸಿ ಮತ್ತು ತೇವದ ವಲಯಕ್ಕೆ ಶೇ 16.66, ಅಂದರೆ ಆರನೇ ಒಂದು ಭಾಗ ಬೇಕು. ಸಂಹಿತೆಯ ಲೆಕ್ಕದಲ್ಲಿ ಕೀಲಿನ ಮೇಲೆ ತೆರೆಯುವ ಕದದ ಕಿಟಕಿ ತನ್ನ ವಿಸ್ತೀರ್ಣದ ಶೇ 90ರಷ್ಟು ತೆರೆಯುತ್ತದೆ. ಎರಡು ಗಾಜಿನ ಜಾರು ಕಿಟಕಿ ತೆರೆಯುವುದು ಶೇ 50 ಮಾತ್ರ. ಮೂರು ಗಾಜಿನದಾದರೆ ಶೇ 67.

ಇದನ್ನು ಒಂದು ಸಾಮಾನ್ಯ ಕೋಣೆಗೆ ಹೊಂದಿಸಿ ನೋಡಬಹುದು. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ನೆಲ 120 ಚದರ ಅಡಿ. ಎಂಟನೇ ಒಂದು ಭಾಗವೆಂದರೆ 15 ಚದರ ಅಡಿ. ಆ ಕೋಣೆಗೆ ನಾಲ್ಕೂವರೆ ಅಡಿ ಅಗಲ, 4 ಅಡಿ ಎತ್ತರದ ಒಂದು ಕಿಟಕಿ ಇದೆ ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ 18 ಚದರ ಅಡಿ. ಹಳೆಯ ಕದಗಳಿದ್ದಾಗ ತೆರೆಯುವುದು 16.2 ಚದರ ಅಡಿ, ಅಗತ್ಯಕ್ಕಿಂತ ತುಸು ಹೆಚ್ಚೇ. ಅದೇ ಜಾಗಕ್ಕೆ ಎರಡು ಗಾಜಿನ ಜಾರು ಕಿಟಕಿ ಬಂದರೆ ಉಳಿಯುವುದು 9 ಚದರ ಅಡಿ. ಗೋಡೆಯ ತೆರಪು ಒಂದಂಗುಲವೂ ಕುಗ್ಗಿಲ್ಲ, ಗಾಜು ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ಕೋಣೆ ಮಾತ್ರ ಉಸಿರುಗಟ್ಟುತ್ತದೆ.

ಹಳೆಯ ಚೌಕಟ್ಟನ್ನು ಗೋಡೆಯಲ್ಲಿಯೇ ಬಿಟ್ಟು ಅದರೊಳಗೆ ಹೊಸ ಚೌಕಟ್ಟನ್ನು ಕೂರಿಸುವ ಪದ್ಧತಿಯೂ ಇದೆ. ಗೋಡೆ ಒಡೆಯುವ ರಗಳೆ ಇದರಿಂದ ತಪ್ಪುತ್ತದೆ. ಆದರೆ ನಾಲ್ಕೂ ಬದಿಯಿಂದ ಎರಡೆರಡು ಅಂಗುಲ ಕಳೆದರೆ ಮೇಲಿನ ಅಳತೆಯ 18 ಚದರ ಅಡಿ ಸುಮಾರು 15.3ಕ್ಕೆ ಇಳಿಯುತ್ತದೆ. ಅದರ ಅರ್ಧವೆಷ್ಟೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಹೊಸ ಕಿಟಕಿ ಅನಿವಾರ್ಯವಾದಲ್ಲಿ ಯುಪಿವಿಸಿ, ಅಲ್ಯೂಮಿನಿಯಂ ಎರಡರಲ್ಲಿಯೂ ಕೀಲಿನ ಮೇಲೆ ತೆರೆಯುವ ಮಾದರಿಗಳು ಲಭ್ಯವಿವೆ ಎಂಬುದನ್ನು ಮರೆಯಬಾರದು. ಗುತ್ತಿಗೆದಾರರು ಜಾರು ಕಿಟಕಿಯನ್ನೇ ಮೊದಲು ತೋರಿಸಿದರೆ ತೆರೆಯುವ ಕದದ ದರವನ್ನೂ ಕೇಳಿ ಪಡೆಯುವುದು ಒಳಿತು.

ಕೀಳುವುದರ ಅಪಾಯ

ಕಾಂಕ್ರೀಟ್ ಲಿಂಟಲ್ ಇರುವ ಮನೆಗಳಲ್ಲಿ ಚೌಕಟ್ಟನ್ನು ತೆಗೆದರೆ ಮೇಲಿನ ಗೋಡೆಗೆ ಅಷ್ಟಾಗಿ ತೊಂದರೆಯಾಗದು. ಇನ್ನೂ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಇಟ್ಟಿಗೆಯ ಕಮಾನು, ಕಲ್ಲಿನ ಚಪ್ಪಡಿ ಅಥವಾ ಮರದ ತೊಲೆ ಇರಬಹುದು. ವರ್ಷಗಳು ಉರುಳಿದಂತೆ ಇಟ್ಟಿಗೆಯ ಭಾರ ನಿಧಾನವಾಗಿ ಚೌಕಟ್ಟಿನ ಮೇಲೆ ಇಳಿದಿರುವುದುಂಟು. ಅಂಥಲ್ಲಿ ಆಸರೆ ಕೊಡದೆ ಚೌಕಟ್ಟನ್ನು ಕಿತ್ತರೆ ಮೇಲಿನ ಸಾಲುಗಳು ಸಡಿಲಗೊಳ್ಳುತ್ತವೆ, ಮೂಲೆಗಳಿಂದ ಓರೆಯಾಗಿ ಬಿರುಕು ಏಳುತ್ತದೆ. ಸುಣ್ಣದ ಗಾರೆಯ ಗೋಡೆಗೆ ವಿದ್ಯುತ್ ಸುತ್ತಿಗೆ ಹಚ್ಚುವುದಂತೂ ಸರ್ವಥಾ ಸಲ್ಲದು. ಮೇಲೇನಿದೆ ಎಂಬುದನ್ನು ಒಂದು ಕಡೆ ಗಿಲಾವು ತೆಗೆದು ನೋಡಿಯೇ ಕೆಲಸ ಆರಂಭಿಸಬೇಕು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಬಣ್ಣದಲ್ಲಿದೆ. ಐವತ್ತು, ಅರುವತ್ತು ವರ್ಷಗಳಲ್ಲಿ ಪದರದ ಮೇಲೆ ಪದರವಾಗಿ ಬಳಿದ ಎಣ್ಣೆ ಬಣ್ಣಗಳಲ್ಲಿ ಸೀಸದ ಅಂಶವಿರುವ ಸಾಧ್ಯತೆ ಹೆಚ್ಚು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ನಯವಾದ ಧೂಳು ನೆಲ, ಹಾಸಿಗೆ, ಆಟಿಕೆಗಳ ಮೇಲೆ ಕೂರುತ್ತದೆ. ಸೀಸಕ್ಕೆ ಸುರಕ್ಷಿತ ಮಿತಿ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಮರಳಿ ಸರಿಯಾಗುವಂಥದ್ದಲ್ಲ. ಗರ್ಭಿಣಿಯರಿಗೂ ಅಪಾಯವಿದೆ. ದಿನವಿಡೀ ಆ ಧೂಳಿನಲ್ಲಿಯೇ ನಿಂತು ದುಡಿಯುವ ಬಡಗಿ ಮತ್ತು ಪೇಂಟರ್‌ಗಳ ಪಾಡನ್ನು ಯಾರೂ ಕೇಳುವುದಿಲ್ಲ.

ಮುಂಜಾಗ್ರತೆ ದುಬಾರಿಯೇನಲ್ಲ. ಕದಗಳನ್ನು ಕೀಲಿನಿಂದ ಬಿಡಿಸಿ ಹೊರಗೆ ಒಯ್ದು ಕೆಲಸ ಮಾಡಿಸಬೇಕು. ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಿಸಬೇಕು. ಬ್ಲೋ ಲ್ಯಾಂಪಿನ ಬೆಂಕಿಯಿಂದ ಬಣ್ಣ ಸುಡಿಸಬಾರದು, ಸುಟ್ಟಾಗ ಸೀಸವು ಹೊಗೆಯಾಗಿ ಶ್ವಾಸಕೋಶ ಸೇರುತ್ತದೆ. ಕೆಲಸ ಮುಗಿದ ಮೇಲೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆರೆದ ಚಕ್ಕೆಗಳನ್ನು ಚೀಲದಲ್ಲಿ ಕಟ್ಟಬೇಕೇ ಹೊರತು ಕೈತೋಟದ ಮಣ್ಣಿಗೆ ಸುರಿಯಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಕೆಲವು ದಿನ ಅವರನ್ನು ಅಜ್ಜಿಯ ಮನೆಗೋ ನೆಂಟರ ಮನೆಗೋ ಕಳುಹಿಸುವುದು ಲೇಸು.

ದುರಸ್ತಿ ಹೇಗೆ

ಮರದ ಕಿಟಕಿ ಕೆಡುವುದು ಬಹುಪಾಲು ಕೆಳಗಿನಿಂದ. ಮಳೆನೀರು ನಿಲ್ಲುವ ಕೆಳ ಅಡ್ಡಪಟ್ಟಿ, ಚೌಕಟ್ಟಿನ ಕೆಳ ಮೂಲೆಗಳು, ಗೋಡೆಗೆ ತಾಗಿದ ಬದಿ ಇವೇ ಮುಖ್ಯ ಸ್ಥಳಗಳು. ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಿದರೆ ಗಟ್ಟಿ ಮರದಲ್ಲಿ ಅದು ಇಳಿಯುವುದಿಲ್ಲ, ಕೊಳೆತ ಮರದಲ್ಲಿ ಸಲೀಸಾಗಿ ಇಳಿಯುತ್ತದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲಿನ ಶಂಕೆಯಿದೆ. ಮೇಲಿನ ಬಣ್ಣ ಬಿರಿದದ್ದನ್ನು ಕಂಡು ಇಡೀ ಕಿಟಕಿಯೇ ಹಾಳಾಗಿದೆ ಎಂದು ತೀರ್ಮಾನಿಸುವುದು ತಪ್ಪು. ಕೊಳೆತ ಭಾಗವನ್ನಷ್ಟೇ ಓರೆಯಾಗಿ ಕತ್ತರಿಸಿ ಅದೇ ಜಾತಿಯ ಹಳೆಯ ಮರದ ತುಂಡನ್ನು ಅಂಟಿಸಿ ಬೆಸೆಯುವುದು ಯಾವುದೇ ನುರಿತ ಬಡಗಿಗೆ ಗೊತ್ತಿರುವ ಕೆಲಸ. ಕದದ ಮೂಲೆಗಳ ಕಚ್ಚು ಸಡಿಲವಾಗಿದ್ದರೆ ಬಿಡಿಸಿ, ಅಂಟು ಹಾಕಿ, ಮರದ ಬೆಣೆ ಬಡಿದು ಬಿಗಿ ಮಾಡಬಹುದು. ಕದ ಜೋತು ಬಿದ್ದಿದ್ದರೆ ದೋಷ ಹಲವು ವೇಳೆ ಕದದಲ್ಲಿಲ್ಲ, ಸವೆದ ಕೀಲಿನಲ್ಲಿದೆ.

ಮಳೆಗಾಲದಲ್ಲಿ ಕದ ಬಿಗಿಯಾಗಿ ಕಚ್ಚಿಕೊಳ್ಳುವುದು ಎಲ್ಲ ಹಳೆಯ ಮನೆಗಳ ಅನುಭವ. ಆಗಲೇ ಬಡಗಿಯನ್ನು ಕರೆಸಿ ಕೀಸುಳಿ ಹೊಡೆಸುವ ಆತುರ ಬೇಡ. ತೇವ ಹೀರಿ ಉಬ್ಬಿದ ಮರವನ್ನು ಹೆರೆದರೆ ಬೇಸಗೆಯಲ್ಲಿ ಅದು ಕುಗ್ಗಿ, ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಎಲ್ಲಿ ತಾಗುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಜನವರಿ, ಫೆಬ್ರುವರಿವರೆಗೆ ಕಾಯಬೇಕು. ಕದದ ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ ಬಣ್ಣ ಬಿದ್ದಿರುವುದಿಲ್ಲ, ಏಕೆಂದರೆ ತೂಗುಹಾಕಿದ ಕದದಲ್ಲಿ ಅಲ್ಲಿಗೆ ಪೇಂಟರಿನ ಕುಂಚ ತಲುಪುವುದಿಲ್ಲ. ತೇವ ಒಳಸೇರುವುದು ಅಲ್ಲಿಂದಲೇ. ಬಿಡಿಸಿದಾಗ ಆ ಎರಡು ಅಂಚುಗಳಿಗೂ ಎರಡು ಸಲ ಬಣ್ಣ ಅಥವಾ ವಾರ್ನಿಷ್ ಬಳಿಸಿದರೆ ಮುಂದಿನ ಮಳೆಗಾಲದಲ್ಲಿ ಅರ್ಧ ಸಮಸ್ಯೆ ತಾನಾಗಿಯೇ ಹೋಗುತ್ತದೆ.

ಉಕ್ಕಿನ ಕಿಟಕಿಯಲ್ಲಿ ಗಾಜು ತಾನಾಗಿ ಬಿರುಕು ಬಿಟ್ಟರೆ ಅದು ತುಕ್ಕಿನ ಕೆಲಸ. ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಹಲವು ಪಟ್ಟು ಉಬ್ಬುತ್ತದೆ, ಉಬ್ಬಿದ ತುಕ್ಕು ಗಾಜನ್ನು ಒತ್ತುತ್ತದೆ. ಗಾಜು ಬಿಡಿಸಿ, ತಂತಿ ಕುಂಚದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಅದೇ ದಿನ ತುಕ್ಕುನಿರೋಧಕ ಪ್ರೈಮರ್ ಬಳಿದು, ನಂತರ ಗಾಜು ಕೂರಿಸಬೇಕು. ಮರುದಿನಕ್ಕೆ ಬಿಟ್ಟರೆ ರಾತ್ರಿಯ ತೇವಕ್ಕೇ ಹೊಸ ತುಕ್ಕು ಹಿಡಿಯುತ್ತದೆ. ತಳಪಟ್ಟಿ ಪೂರ್ತಿ ತಿಂದುಹೋಗಿದ್ದರೆ ಆ ಭಾಗವನ್ನಷ್ಟೇ ಕತ್ತರಿಸಿ ವೆಲ್ಡಿಂಗ್ ಮಾಡಿಸಬಹುದು.

ಸೊಳ್ಳೆ, ಸದ್ದು, ಬಿಸಿಲು

ಕಿಟಕಿ ಬದಲಾವಣೆಗೆ ಜನರು ನೀಡುವ ಕಾರಣಗಳಲ್ಲಿ ಸೊಳ್ಳೆಗೆ ಮೊದಲ ಸ್ಥಾನ. ಸಂಜೆ ಐದಕ್ಕೆ ಕಿಟಕಿ ಮುಚ್ಚುವುದು ಹಳೆಯ ರೂಢಿ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ನಂತರ ಜಾಲರಿಯ ಅಗತ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಳೆಯ ಕಿಟಕಿಗೆ ಜಾಲರಿ ಹಾಕುವಲ್ಲಿ ತೊಡಕಿರುವುದು ನಿಜ. ಹೊರಗೆ ತೆರೆಯುವ ಕದವನ್ನು ಮುಚ್ಚಲು ಸರಳುಗಳ ನಡುವೆ ಕೈ ಚಾಚಬೇಕು. ಒಳಬದಿಗೆ ಜಾಲರಿಯನ್ನು ಮೊಳೆ ಹೊಡೆದು ಬಿಗಿದುಬಿಟ್ಟರೆ ಕದ ಎಟುಕುವುದಿಲ್ಲ. ಚೌಕಟ್ಟಿನ ಒಳಬದಿಯಲ್ಲಿ ಮರದ ಪಟ್ಟಿ ಕೂರಿಸಿ, ಒಳಕ್ಕೆ ತೆರೆಯುವ ತೆಳುವಾದ ಜಾಲರಿ ಕದವನ್ನು ಕೀಲಿನ ಮೇಲೆ ನಿಲ್ಲಿಸುವುದು ಇದಕ್ಕೆ ಬಾಳಿಕೆಯ ಪರಿಹಾರ. ಐದು ಅಂಗುಲ ದಪ್ಪದ ಹಳೆಯ ಚೌಕಟ್ಟುಗಳಲ್ಲಿ ಇದಕ್ಕೆ ಧಾರಾಳವಾಗಿ ಜಾಗವಿದೆ. ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ವೆಲ್ಕ್ರೊ ಪಟ್ಟಿಯ ಮೇಲೆ ಅಂಟಿಸುವ ಫೈಬರ್ ಜಾಲರಿ ಸಿಗುತ್ತದೆ. ಅದನ್ನು ಬಿಡಿಸಿ ತೊಳೆಯಲು ಸುಲಭ, ಆದರೆ ದಿನವೂ ಕಿತ್ತು ಹಚ್ಚುವ ಕಡೆ ಬೇಗ ಸೋಲುತ್ತದೆ. ಯಾವುದೇ ಜಾಲರಿ ಗಾಳಿಯ ಹರಿವನ್ನು ಸ್ವಲ್ಪ ತಗ್ಗಿಸುತ್ತದೆ, ಧೂಳು ತುಂಬಿದ ಜಾಲರಿ ಬಹಳವಾಗಿ ತಗ್ಗಿಸುತ್ತದೆ. ಕದ ಪೂರ್ತಿ ತೆರೆಯುವ ಕಿಟಕಿಗೆ ಈ ನಷ್ಟವನ್ನು ತಾಳಿಕೊಳ್ಳುವ ಶಕ್ತಿಯಿದೆ. ಮೊದಲೇ ಅರ್ಧ ತೆರೆಯುವ ಜಾರು ಕಿಟಕಿಗೆ ಅದು ಇಲ್ಲ.

ಸದ್ದಿನ ವಿಷಯ ತುಸು ಬೇರೆ. ಮನೆ ಕಟ್ಟಿದಾಗ ಎತ್ತಿನ ಗಾಡಿ, ಸೈಕಲ್ ಓಡಾಡುತ್ತಿದ್ದ ರಸ್ತೆ ಇಂದು ಬಸ್ಸಿನ ಮಾರ್ಗವಾಗಿರಬಹುದು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯ ಮಟ್ಟವೇ ಏರಿ ಧೂಳು, ಸದ್ದು ಎರಡೂ ಕಿಟಕಿಗೆ ಹತ್ತಿರವಾಗಿವೆ. ಶಬ್ದ ಮೊದಲು ನುಗ್ಗುವುದು ಸಂದುಗಳಿಂದ. ಕದ ಮತ್ತು ಚೌಕಟ್ಟು ಕೂಡುವಲ್ಲಿ ರಬ್ಬರ್ ಪಟ್ಟಿ ಅಂಟಿಸಿ, ಸಡಿಲ ಗಾಜಿಗೆ ಹೊಸ ಲಪ್ಪ ಮೆತ್ತಿ, 3 ಮಿ.ಮೀ. ಗಾಜಿನ ಬದಲು 5 ಮಿ.ಮೀ. ಗಾಜು ಹಾಕಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಗಾಜು ದಪ್ಪವಾದಷ್ಟೂ ಕದ ಭಾರವಾಗುವುದರಿಂದ ಕೀಲನ್ನೂ ಬದಲಿಸಬೇಕು. ಮುಖ್ಯರಸ್ತೆಯ ಕಡೆಯ ಮಲಗುವ ಕೋಣೆಗೆ ಇಷ್ಟು ಸಾಲದೆ ಹೋಗಬಹುದು. ಅಂಥ ಒಂದು ಅಥವಾ ಎರಡು ಕಿಟಕಿಗಳಿಗೆ ಒಳಬದಿಯಲ್ಲಿ ಮತ್ತೊಂದು ಗಾಜಿನ ಕದ ಅಥವಾ ಹೊಸ ಯುಪಿವಿಸಿ ಕಿಟಕಿ ಹಾಕಿಸುವುದು ಸಮಂಜಸ. ಅದಕ್ಕಾಗಿ ಮನೆಯ ಹದಿನೈದೂ ಕಿಟಕಿಗಳನ್ನು ಬಲಿಕೊಡಬೇಕಾಗಿಲ್ಲ.

ಎರಡು ಪದರದ ಗಾಜಿನ ಪ್ರಚಾರ ಈಚೆಗೆ ಜೋರಾಗಿದೆ. ಒಂದು ಪದರದ ಗಾಜಿನ ಮೂಲಕ ಶಾಖ ಹಾಯುವ ಪ್ರಮಾಣವನ್ನು ಸೂಚಿಸುವ ಯು-ಮೌಲ್ಯ ಸುಮಾರು 5.7. ನಡುವೆ ಗಾಳಿ ತುಂಬಿದ ಎರಡು ಪದರದ ಗಾಜಿನಲ್ಲಿ ಅದು ಸುಮಾರು 2.8ಕ್ಕೆ ಇಳಿಯುತ್ತದೆ. ಅಂಕಿಗಳು ಸುಳ್ಳಲ್ಲ. ಆದರೆ ಚಳಿ ದೇಶಗಳಲ್ಲಿ ಮುಚ್ಚಿಯೇ ಇರುವ ಕಿಟಕಿಗಳಿಗೆ ಈ ಲಾಭ ಪೂರ್ಣವಾಗಿ ಸಿಗುತ್ತದೆ. ಹಗಲಿಡೀ ಕಿಟಕಿ ತೆರೆದಿಡುವ, ಏರ್ ಕಂಡೀಷನರ್ ಇಲ್ಲದ ಬೆಂಗಳೂರು, ಮೈಸೂರಿನ ಮನೆಗೆ ಅದರಿಂದ ಬರುವ ಪ್ರಯೋಜನ ಅತ್ಯಲ್ಪ. ಇಲ್ಲಿ ಕೋಣೆ ಕಾಯುವುದು ಗಾಜಿನ ಮೇಲೆ ನೇರವಾಗಿ ಬೀಳುವ ಬಿಸಿಲಿನಿಂದ. ಬಿಸಿಲನ್ನು ಗಾಜಿಗೆ ತಾಗುವ ಮುನ್ನವೇ ತಡೆಯಬೇಕು, ಒಳಗೆ ಕಟ್ಟಿದ ಪರದೆ ತಡೆಯುವಷ್ಟರಲ್ಲಿ ಶಾಖ ಒಳಗೆ ಬಂದಾಗಿರುತ್ತದೆ. ದಕ್ಷಿಣದ ಕಿಟಕಿಗೆ ಹಳೆಯ ಸಜ್ಜಾ ಸಾಕಾಗುತ್ತದೆ. ಪಶ್ಚಿಮದಲ್ಲಿ ಇಳಿಬಿಸಿಲು ಓರೆಯಾಗಿ ಬರುವ ಕಾರಣ ಸಜ್ಜಾ ಸೋಲುತ್ತದೆ. ಅಲ್ಲಿ ಹೊರಬದಿಗೆ ಬಿದಿರಿನ ತಟ್ಟಿ ಅಥವಾ ಲಾವಂಚದ ಪರದೆ ಇಳಿಬಿಡುವುದು ಇಂದಿಗೂ ಅಗ್ಗದ, ಪರಿಣಾಮಕಾರಿ ಉಪಾಯ. ನವೀಕರಣದಲ್ಲಿ ಮನೆಯ ಮುಂಭಾಗಕ್ಕೆ 'ಆಧುನಿಕ' ರೂಪ ಕೊಡಲು ಸಜ್ಜಾವನ್ನೇ ಒಡೆಸಿದ ಮನೆಗಳೂ ಕಾಣಸಿಗುತ್ತವೆ. ಬಿಸಿಲಿನ ಜೊತೆಗೆ ಮಳೆಯನ್ನೂ ಒಳಗೆ ಕರೆದಂತಾಗುತ್ತದೆ.

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಂತಹ ಕಡೆ ಮಾತು ಬೇರೆ. ಅಲ್ಲಿನ ಹಂಚಿನ ಮನೆಗಳಲ್ಲಿ ಮುಂದೆ ಚಾಚಿದ ಮಾಡು ಕಿಟಕಿಯ ರಕ್ಷಕ. ಮಾಡು ತೆಗೆದು ತಾರಸಿ ಹಾಕಿದ ಮನೆಗಳಲ್ಲಿ ಮರದ ಕಿಟಕಿ ಬೇಗ ಕೊಳೆಯುತ್ತದೆ. ಸಮುದ್ರದ ಉಪ್ಪುಗಾಳಿ ಉಕ್ಕನ್ನಂತೂ ಸರಿ, ಅಲ್ಯೂಮಿನಿಯಂನ್ನೂ ಕೊರೆಯುತ್ತದೆ. ಕರಾವಳಿಯಲ್ಲಿ ಮಳೆಯ ಮುಖಕ್ಕಿರುವ ಕಿಟಕಿಗಳಿಗೆ ಯುಪಿವಿಸಿ ಆರಿಸಿಕೊಳ್ಳುವವರನ್ನು ಆಕ್ಷೇಪಿಸಲಾಗದು. ಅದರ ತಳದಲ್ಲಿ ನೀರು ಹೊರಹೋಗಲು ಬಿಟ್ಟಿರುವ ಸಣ್ಣ ರಂಧ್ರಗಳು ಕಸ ಕಟ್ಟದಂತೆ ನೋಡಿಕೊಳ್ಳಬೇಕಷ್ಟೆ.

ಪಕ್ಕದ ನಿವೇಶನದಲ್ಲಿ ಮೂರು ಮಹಡಿ ಎದ್ದು, ಕಿಟಕಿಯ ಮುಂದೆ ಮಾರು ದೂರದಲ್ಲಿ ಗೋಡೆ ನಿಂತಿರುವ ಮನೆಗಳೂ ಅನೇಕ. ಅಂತಹ ಕಿಟಕಿಯನ್ನು ಮುಚ್ಚಿಸಿ ಕಪಾಟು ಮಾಡುವ ಮನಸ್ಸಾಗುವುದು ಸಹಜ. ನೋಟ ಹೋದರೂ ಗಾಳಿಯ ದಾರಿ ಪೂರ್ತಿ ಹೋಗಿರುವುದಿಲ್ಲ. ಕೆಳಗಿನ ಕದಗಳಿಗೆ ಮಬ್ಬು ಗಾಜು ಹಾಕಿ, ಮೇಲಿನ ಕದಗಳನ್ನು ತೆರೆದಿಟ್ಟರೆ ಎದುರಿನ ಕಿಟಕಿಯಿಂದ ಬಂದ ಗಾಳಿಗೆ ಹೊರಹೋಗುವ ದಾರಿ ಉಳಿಯುತ್ತದೆ.

ಸರಳು ಮತ್ತು ಬೆಂಕಿ

ಕಳ್ಳರ ಭಯಕ್ಕೆ ಹಳೆಯ ಸರಳುಗಳ ಜೊತೆಗೆ ಹೊರಗಿನಿಂದ ಮತ್ತೊಂದು ಗ್ರಿಲ್ ಹಾಕಿಸುವುದು 1980ರ ದಶಕದ ನಂತರ ಎಲ್ಲೆಡೆ ಕಾಣುವ ದೃಶ್ಯ. ಇದರ ಇನ್ನೊಂದು ಮುಖದ ಬಗೆಗೆ ಯೋಚಿಸುವವರು ಕಡಿಮೆ. ಮುಂಬಾಗಿಲ ಬಳಿ ಅಥವಾ ನಡುಮನೆಯಲ್ಲಿ ಬೆಂಕಿ ಹೊತ್ತಿಕೊಂಡರೆ ಮಲಗುವ ಕೋಣೆಯಲ್ಲಿರುವವರಿಗೆ ಹೊರಬರಲು ಬೇರೆ ದಾರಿಯೇ ಇರುವುದಿಲ್ಲ. ದ್ವಿಚಕ್ರ ವಾಹನಗಳ ಬ್ಯಾಟರಿಗಳನ್ನು ಮನೆಯೊಳಗೇ ಚಾರ್ಜ್ ಮಾಡುವ ಈ ದಿನಗಳಲ್ಲಿ ಇದನ್ನು ಕಡೆಗಣಿಸಲಾಗದು. ಕಿಟಕಿಯ ಕೆಲಸ ನಡೆಯುತ್ತಿರುವಾಗಲೇ ಪ್ರತಿ ಮಲಗುವ ಕೋಣೆಯ ಒಂದು ಕಿಟಕಿಯಲ್ಲಾದರೂ ಸರಳುಗಳನ್ನು ಕೀಲಿನ ಮೇಲೆ ತೆರೆಯುವ ಚೌಕಟ್ಟಿಗೆ ಬೆಸೆದು, ಒಳಗಿನಿಂದ ಬೀಗ ಹಾಕುವಂತೆ ಮಾಡಿಸಬೇಕು. ಬೀಗದ ಕೈ ಆ ಕೋಣೆಯಲ್ಲಿಯೇ, ವೃದ್ಧರ ಕೈಗೂ ಎಟುಕುವ ಎತ್ತರದಲ್ಲಿ, ಹೊರಗಿನವರಿಗೆ ಕಾಣದಂತೆ ನೇತಾಡುತ್ತಿರಬೇಕು. ಹೊರಗಿನ ಹೆಚ್ಚುವರಿ ಗ್ರಿಲ್ ಇದ್ದರೆ ಅದಕ್ಕೂ ಇದೇ ವ್ಯವಸ್ಥೆ ಬೇಕು.

ಗುತ್ತಿಗೆ ಕೊಡುವಾಗ

ಮನೆಯ ಎಲ್ಲ ಕಿಟಕಿಗಳಿಗೂ ಒಂದೇ ಮದ್ದು ಎಂಬ ಒಟ್ಟು ದರದ ಗುತ್ತಿಗೆಯೇ ಅನೇಕ ಅನರ್ಥಗಳಿಗೆ ಮೂಲ. ಒಂದೊಂದು ಕಿಟಕಿಗೂ ಸಂಖ್ಯೆ ಕೊಟ್ಟು, ಯಾವುದಕ್ಕೆ ಬರೇ ಎಣ್ಣೆ ಮತ್ತು ಕೀಲು, ಯಾವುದಕ್ಕೆ ತೇಪೆ, ಯಾವುದಕ್ಕೆ ಜಾಲರಿ, ಯಾವುದು ಉಳಿಯುವ ಸ್ಥಿತಿಯಲ್ಲಿಲ್ಲ ಎಂದು ಬರೆದುಕೊಂಡ ಪಟ್ಟಿಯ ಮೇಲೆ ದರ ಕೇಳಬೇಕು. ಆಸ್ತಿಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರ ಪಾಲಿದ್ದರೆ ಈ ಪಟ್ಟಿ ಎಲ್ಲರ ಕೈಗೂ ಹೋಗಬೇಕು, ಕಿಟಕಿಯ ಖರ್ಚಿನಿಂದ ಆರಂಭವಾದ ಮನಸ್ತಾಪಗಳು ಕಡಿಮೆಯೇನಲ್ಲ. ಒಂದು ಕಿಟಕಿಯನ್ನು ಮೊದಲು ಪೂರ್ತಿಯಾಗಿ ಮಾಡಿಸಿ, ಒಂದು ಮಳೆ ಕಳೆದ ಮೇಲೆ ಉಳಿದವನ್ನು ಕೊಡುವುದು ಜಾಣತನ.

ಕಿತ್ತ ಹಳೆಯ ಮರ ಯಾರಿಗೆ ಸೇರುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. 'ಹಳೆಯದನ್ನು ನಾವೇ ಸಾಗಿಸುತ್ತೇವೆ, ಅದಕ್ಕೆ ಹಣ ಬೇಡ' ಎಂಬ ಮಾತು ಔದಾರ್ಯದಂತೆ ಕೇಳಿಸುತ್ತದೆ. ದಶಕಗಳ ಕಾಲ ಒಣಗಿ ಹದಗೊಂಡ ತೇಗ ಇನ್ನು ಸೊಟ್ಟಗಾಗುವುದಿಲ್ಲ, ಅದರ ಬೆಲೆ ಹಳೆಯ ಮರದ ವ್ಯಾಪಾರಿಗೆ ಚೆನ್ನಾಗಿ ತಿಳಿದಿದೆ. ಒಂದೆರಡು ಕದಗಳನ್ನಾದರೂ ಮನೆಯಲ್ಲಿಯೇ ಇರಿಸಿಕೊಂಡರೆ ಉಳಿದ ಕಿಟಕಿಗಳ ತೇಪೆಗೆ ಅದೇ ಮರ ಒದಗುತ್ತದೆ. ಹಿತ್ತಾಳೆಯ ಚಿಲಕ, ಕೊಕ್ಕೆಗಳನ್ನು ಎಣಿಸಿ ತೆಗೆದಿಡಬೇಕು, ಇಂದಿನ ಅಂಗಡಿಗಳಲ್ಲಿ ಆ ಅಳತೆಯವು ಸುಲಭವಾಗಿ ದೊರೆಯುವುದಿಲ್ಲ.

ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಒಣಹವೆ ಸೂಕ್ತ. ಕದಗಳನ್ನು ಬಿಡಿಸಿದ ದಿನಗಳಲ್ಲಿ ಮಳೆಯ ಭಯವಿರುವುದಿಲ್ಲ, ಬಣ್ಣವೂ ಸರಿಯಾಗಿ ಒಣಗುತ್ತದೆ. ಕೊನೆಯದಾಗಿ ಕಿಟಕಿಯ ಕೆಳಗಿನ ಹೊರ ಅಂಚನ್ನು ಪರೀಕ್ಷಿಸಬೇಕು. ಅದು ಹೊರಕ್ಕೆ ಇಳಿಜಾರಾಗಿದ್ದು, ಅದರ ತಳಬದಿಯಲ್ಲಿ ಬೆರಳಗಲದ ಗೀರು ಇದ್ದರೆ ನೀರು ಗೋಡೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಇಳಿಜಾರು ಒಳಮುಖವಾಗಿದ್ದರೆ ಮೇಲೆ ಎಷ್ಟು ಬಣ್ಣ ಬಳಿದರೂ ಚೌಕಟ್ಟಿನ ಕೆಳಪಟ್ಟಿ ಮತ್ತೆ ಕೊಳೆಯುತ್ತದೆ. ಗಾರೆ ಕೆಲಸದವರಿಗೆ ಇದು ಅರ್ಧ ದಿನದ ಕೆಲಸ, ಬಡಗಿ ಬರುವ ಮೊದಲೇ ಮುಗಿದಿರಬೇಕು.